ಸೇರಿಸಿದರೆ ಒಂದು, ಬಿಡಿಸಿದರೆ ಎರಡು

ಹೋಗಿಯೇ ಬಿಟ್ಟಿತು, ಎಲ್ಲೂ ತಾಗಲಿಲ್ಲ, ಲಿಫ್ಟಿನ ಬಾಗಿಲಿಗೂ ಮಗುವಿನ ಗಾಡಿಗೂ ನಡುವೆ ಎರಡು ಕಡೆಯೂ ಒಂದೊಂದು ಗೇಣು ಜಾಗ ಉಳಿದಿದೆ, ಬೇಕಾದರೆ ಇನ್ನೂ ಇಬ್ಬರು ನಿಲ್ಲಬಹುದು, ಇಪ್ಪತ್ತಮೂರು ದಿನದಿಂದ ಹೀಗೇ ಸಲೀಸಾಗಿ ಹೋಗುತ್ತಿದೆ, ಆದರೂ ಬಾಗಿಲು ತೆರೆದಾಗಲೆಲ್ಲ ನನ್ನ ಮೊಣಕೈ ತಾನಾಗಿಯೇ ಬಿಗಿಯುತ್ತದೆ, ಈಗ ಸಿಕ್ಕಿಕೊಳ್ಳುತ್ತದೆ, ಈಗ ಮುಂದಿನ ಚಕ್ರ ಅಡ್ಡ ತಿರುಗುತ್ತದೆ, ಈಗ ಬಾಗಿಲು ಮುಚ್ಚಲು ಬರುತ್ತದೆ ಅಂತ — ಏನೂ ಆಗುವುದಿಲ್ಲ, ಸುಮ್ಮನೆ ಒಳಗೆ ಬಂದು ನಿಲ್ಲುತ್ತದೆ, ಇಷ್ಟು ಸುಲಭವಾಗಿರುವುದಕ್ಕೇ ನನಗೆ ಮೈ ಉರಿಯುತ್ತದೆ. ಒಂದು ಸೀಟು, ಒಂದು ಮಗು. ಎಡಗಡೆ ಮಾತ್ರ ಆ ಮೂರು ಪ್ಲಾಸ್ಟಿಕ್ ಕೊಂಡಿಗಳು, ಜೋಡಿ ಸ್ಟ್ರೋಲರಿನ ಇನ್ನೊಂದು ಅರ್ಧವನ್ನು ಕಚ್ಚಿ ಹಿಡಿಯಬೇಕಾದವು, ಈಗ ಹಿಡಿಯಲು ಏನೂ ಇಲ್ಲದೆ ಆಚೆ ಚಾಚಿಕೊಂಡು ಸಿಕ್ಕಿದ್ದನ್ನೆಲ್ಲ ಹಿಡಿಯುತ್ತವೆ, ಬೆಳಿಗ್ಗೆ ಪರದೆಯನ್ನು ಹಿಡಿದು ಅರ್ಧ ಹರಿದವು. ದೊಡ್ಡದು ಬೆಲ್ಟಿನ ತುದಿ ಬಾಯಿಗಿಟ್ಟುಕೊಂಡು ಚೀಪುತ್ತಿದೆ. ದೊಡ್ಡದು ಅಂದರೆ ನಾಲ್ಕು ನಿಮಿಷಕ್ಕೆ ದೊಡ್ಡದು, ಹತ್ತು ತಿಂಗಳು ತುಂಬಿತು, ಚಿಕ್ಕದಕ್ಕೂ ತುಂಬಿತು, ಚಿಕ್ಕದು ಇಲ್ಲಿಲ್ಲ ಅಷ್ಟೇ, ಅತ್ತಿಗೆಯ, ಅಂದರೆ ಗಂಡನ ಅಕ್ಕನ, ಮನೆಯಲ್ಲಿದೆ, ಇವತ್ತು ಕರೆದುಕೊಂಡು ಬರುತ್ತೇನೆ, ಇವತ್ತು ಅಂದರೆ ಇವತ್ತೇ, ಗಂಡನನ್ನೂ ಕೇಳಿಲ್ಲ, ಯಾರನ್ನೂ ಕೇಳಿಲ್ಲ, ನನ್ನ ಮಗುವನ್ನು ಕರೆತರಲು ನಾನು ಯಾರನ್ನು ಕೇಳಬೇಕು. ವಾಕ್ಯ ಸಿದ್ಧವಾಗಿದೆ: ಅತ್ತಿಗೆ, ಮಗೂನ ಕರ್ಕೊಂಡು ಹೋಗೋಕೆ ಬಂದಿದೀನಿ. ಕಡ್ಡಿ ಮುರಿದ ಹಾಗೆ ಹೇಳಬೇಕು. ಆ ವಾಕ್ಯದಲ್ಲಿ ಅದು ಅನ್ನುವ ಪದ ಇಲ್ಲ, ಇದು ಇಲ್ಲ, ಒಂದು ಇಲ್ಲ, ಮಗು ಅಂದರೆ ಮಗು. ಒಂದು ಪದದಿಂದ ಆದ ಅನಾಹುತ ಸಾಕು.

ಬೀದಿ. ಬಿಸಿಲು ಆಗಲೇ ಜೋರಾಗಿದೆ, ಟೊಪ್ಪಿ ಹಾಕಿದೆನಾ, ಹಾಕಿದ್ದೇನೆ, ದೊಡ್ಡದು ಕಿತ್ತು ಹಾಕಿದೆ, ಇರಲಿ. ಹಗುರ, ಎಷ್ಟು ಹಗುರ ನೋಡು, ಒಂದು ಬೆರಳಲ್ಲಿ ತಳ್ಳಬಹುದು, ಇದು ಮೊದಲನೇ ಪ್ಲಸ್ ಪಾಯಿಂಟು. ಹೇಳಿದ್ದು ನನ್ನ ಗಂಡ. ನೀರು ಶುದ್ಧ ಮಾಡುವ ಯಂತ್ರ ಮಾರುವ ಮನುಷ್ಯ, ಮನೆಮನೆಗೆ ಹೋಗಿ ಪ್ಲಸ್ ಪಾಯಿಂಟ್ ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಗಿಬಿಟ್ಟಿದೆ, ಮನೆಗೆ ಬಂದರೂ ನಿಲ್ಲುವುದಿಲ್ಲ, ಹೆರಿಗೆಯಾದ ದಿನ ಆಸ್ಪತ್ರೆಯ ಮಂಚದ ಪಕ್ಕ ನಿಂತು ಒಂದೇ ಸಲಕ್ಕೆ ಎರಡು ಆಯ್ತಲ್ಲ, ಪ್ಲಸ್ ಪಾಯಿಂಟ್ ನೋಡು ಅಂದಿದ್ದರು, ನನ್ನ ಹೊಟ್ಟೆಯ ಹೊಲಿಗೆ ಹಸಿಯಾಗಿತ್ತು, ಇಲ್ಲದಿದ್ದರೆ ಎದ್ದು ಉತ್ತರ ಕೊಡುತ್ತಿದ್ದೆ. ಅವರ ಅಕ್ಕ ಈ ಗಾಡಿ ತಂದುಕೊಟ್ಟ ದಿನವೂ ಅಷ್ಟೇ, ಪೆಟ್ಟಿಗೆಯ ಟೇಪು ಕೀಳುವ ಮೊದಲೇ ಶುರು: ಎರಡೂ ಸೇರಿ ಒಂಬತ್ತೇ ಕೆಜಿ ಕಣೇ, ಮಡಚಿದರೆ ಬಾಗಿಲ ಹಿಂದೆ ನಿಲ್ಲುತ್ತೆ, ಬಟ್ಟೆ ಬಿಚ್ಚಿ ಒಗೀಬಹುದು, ಮಕ್ಕಳು ಅಕ್ಕಪಕ್ಕ ಕೂತು ಒಬ್ಬರ ಮುಖ ಒಬ್ಬರು ನೋಡ್ತವೆ, ಹಿಂದೆ ಮುಂದೆ ಕೂರಿಸೋ ಗಾಡಿಯಲ್ಲಿ ಹಿಂದಿನದಕ್ಕೆ ಮುಂದಿನದರ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ. ಮೈನಸ್ ಪಾಯಿಂಟ್ ಏನು ಅಂತ ಕೇಳಿದೆ. ಏನೂ ಇಲ್ಲ ಅಂದರು. ಅಕ್ಕ ತಂದಿದ್ದು ತಾನೇ, ಎಲ್ಲಿಂದ ಬರಬೇಕು ಮೈನಸ್. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಸೇರಿಸಿದರೆ ಒಂದು, ಬಿಡಿಸಿದರೆ ಎರಡು ಅಂತ ಅಚ್ಚಾಗಿತ್ತು, ಕೆಳಗೆ ಫೋಟೋ, ಒಬ್ಬ ಗಂಡಸು ಒಂದು ಅರ್ಧವನ್ನು ಈ ಕಡೆ ತಳ್ಳಿಕೊಂಡು ಹೋಗುತ್ತಿದ್ದಾನೆ, ಒಬ್ಬ ಹೆಂಗಸು ಇನ್ನೊಂದನ್ನು ಆ ಕಡೆ, ಇಬ್ಬರೂ ಹಲ್ಲು ಕಿಸಿದುಕೊಂಡು ನಗುತ್ತಿದ್ದಾರೆ, ಡೈವೋರ್ಸ್ ಆದವರ ಹಾಗೆ. ಅತ್ತಿಗೆ ಆ ಫೋಟೋದ ಮೇಲೆ ಕೈ ಆಡಿಸುತ್ತ ಅಂದಳು, ಎರಡನ್ನೂ ಒಬ್ಬಳೇ ಸಂಭಾಳಿಸೋದು ಸುಲಭ ಅಲ್ಲಮ್ಮ, ಬೇಕಾದಾಗ ಬಿಡಿಸ್ಕೋಬಹುದು. ನಾನು ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು. ಮಕ್ಕಳಿಲ್ಲದ ಹೆಂಗಸು, ಮದುವೆಯಾಗಿ ಹದಿನಾರು ವರ್ಷ, ಎರಡು ಸೀಟಿನ ಗಾಡಿ ಯಾಕೆ ಕೊಡುತ್ತಾಳೆ, ಅದೂ ಬಿಡಿಸಲು ಬರುವಂಥದ್ದು.

ಗಾಡಿಯ ಅಳತೆ ಮಾತ್ರ ಅವಳ ಮನೆಯದ್ದು. ನೆಲಮಹಡಿಯ ಮನೆ, ಎರಡು ರೆಕ್ಕೆಯ ಬಾಗಿಲು, ಪೂರ್ತಿ ತೆರೆದರೆ ಸೋಫಾ ಒಳಗೆ ಹೋಗುತ್ತದೆ, ಅಲ್ಲಿ ಟೇಪು ಹಿಡಿದು ನೋಡಿಯೇ ಕೊಂಡಿದ್ದಾಳೆ, ಅವಳೇ ಹೇಳಿದಳು, ನಮ್ಮನೆ ಬಾಗಿಲಲ್ಲಿ ಆರಾಮಾಗಿ ಬರುತ್ತೆ, ನೋಡೇ ತಗೊಂಡೆ ಅಂತ. ನಮ್ಮ ಲಿಫ್ಟಿನ ಬಾಗಿಲು ಯಾರು ಅಳೆದರು. ನಾವು ನಾಲ್ಕನೇ ಮಹಡಿ. ಜೋಡಿಸಿದ ಗಾಡಿ ಲಿಫ್ಟಿಗಿಂತ ನಾಲ್ಕು ಬೆರಳು ಅಗಲ. ನಾಲ್ಕು ಬೆರಳು ಅಂದರೆ ಏನೂ ಅಲ್ಲ, ಒಬ್ಬಳ ಪ್ರಾಣ ಹಿಂಡುವುದಕ್ಕೆ ಬೇಕಾದಷ್ಟು ಆಯಿತು. ಔಷಧದಂಗಡಿಗೆ ಹೋದರೆ ಬಾಗಿಲ ಹೊರಗೇ ನಿಂತು ಕೂಗಿ ಕೇಳಬೇಕು, ಔಷಧದಂಗಡಿಯವನು ಒಳಗಿಂದಲೇ ಏನಮ್ಮಾ, ಡಯಾಪರಾ, ಜ್ವರದ್ದಾ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ, ಬ್ಯಾಂಕಿನ ತಿರುಗುವ ಗೇಟು, ಕ್ಲಿನಿಕ್ಕಿನ ಕಾರಿಡಾರು, ಎಲ್ಲಿ ಹೋದರೂ ಸ್ವಲ್ಪ ಜರುಗ್ತೀರಾ, ಸ್ವಲ್ಪ ಜರುಗ್ತೀರಾ, ನಾನು ಈ ಹತ್ತು ತಿಂಗಳಲ್ಲಿ ಜನರಿಗೆ ಬೇರೆ ಮಾತೇ ಹೇಳಿಲ್ಲ. ಹಗುರವಂತೆ. ಹಗುರವಾದ್ದರಿಂದಲೇ ಹಿಡಿಕೆಗೆ ಒಂದು ಚೀಲ ನೇತುಹಾಕುವ ಹಾಗಿಲ್ಲ, ಒಂದು ಮಗುವನ್ನು ಎತ್ತಿದರೆ ಸಾಕು, ಗಾಡಿ ಹಿಂದಕ್ಕೆ ಮಲಗಿಬಿಡುತ್ತದೆ, ಇನ್ನೊಂದು ಮಗು ಕಾಲು ಮೇಲೆ ಮಾಡಿಕೊಂಡು ಆಕಾಶ ನೋಡುತ್ತಿರುತ್ತದೆ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಅದನ್ನು ಬರೆದಿಲ್ಲ. ಅದರಲ್ಲಿ ಬರೆದದ್ದು, ಗಾಡಿಯನ್ನು ಮಡಚುವ ಮೊದಲು ಮಗುವನ್ನು ಹೊರತೆಗೆಯಿರಿ. ಇದನ್ನು ಓದಿ ನಾನು ಅರ್ಧ ಗಂಟೆ ನಕ್ಕೆ, ಯಾರೋ ಒಬ್ಬಳು ಮಡಚಿರಬೇಕಲ್ಲ, ಇಲ್ಲದಿದ್ದರೆ ಯಾಕೆ ಬರೆಯುತ್ತಾರೆ. ಹನ್ನೆರಡು ಪುಟದಲ್ಲಿ ಮೂವತ್ತೊಂದು ತಪ್ಪು, ಪೆನ್ಸಿಲಿನಲ್ಲಿ ಎಲ್ಲವನ್ನೂ ತಿದ್ದಿದ್ದೇನೆ, ಅದು ನನ್ನ ರೋಗ.

ಹದಿಮೂರು ವರ್ಷದ ರೋಗ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಹಿರಿಯರು ಒಬ್ಬರಿದ್ದರು, ಮಾತಿನ ನಡುನಡುವೆ ಉಸಿರಿಗೆ ನಿಲ್ಲುತ್ತಿದ್ದರೆಂದು ನಾವೆಲ್ಲ ಅಲ್ಪವಿರಾಮ ಅನ್ನುತ್ತಿದ್ದೆವು, ಅವರೇ ನನಗೆ ಕಲಿಸಿದ್ದು, ಅದು ಇದು ಒಂದು ಇನ್ನೊಂದು, ಇವು ಬಂದ ಕಡೆಯೆಲ್ಲ, ಅಂಚಿನಲ್ಲಿ ಬರಿಯಮ್ಮ, ಯಾವುದು, ಅಂತ. ಬರೆದವರಿಗೆ ಗೊತ್ತಿರುತ್ತೆ ಸಾರ್ ಅಂದರೆ, ಬರೆದವನಿಗೆ ಗೊತ್ತಿರುತ್ತೆ ಅಂತ ನೀನು ನಂಬಬೇಡ, ಓದುವವನಿಗೆ ಅನುಮಾನ ಬಂದರೆ ತಪ್ಪು ಬರೆದವನದ್ದೇ ಅನ್ನುತ್ತಿದ್ದರು. ಸಾವಿರಾರು ಪುಟದಲ್ಲಿ ಕೆಂಪು ಶಾಯಿಯಲ್ಲಿ ಯಾವುದು, ಯಾವುದು, ಯಾವುದು ಅಂತ ಬರೆದವಳು ನಾನು, ಹೆಸರಾಂತ ಲೇಖಕರಿಗೆಲ್ಲ ಬೆವರು ಇಳಿಸಿದವಳು, ಬಾಯಿಬಿಟ್ಟು ಒಂದು ವಾಕ್ಯ ಆಡುವಾಗ ಮಾತ್ರ ಎಲ್ಲಿ ಹೋಗಿತ್ತು ಬುದ್ಧಿ. ಒಂದನ್ನ ನೀವೇ ಇಟ್ಕೊಳ್ಳಿ. ಇದೇ ವಾಕ್ಯ. ಲಿಫ್ಟಿನ ಎದುರು ನಿಂತು ಅತ್ತಿಗೆಗೆ ನಾನು ಹೇಳಿದ್ದು ಇದೊಂದೇ. ಗಾಡಿಯೂ ಒಂದು, ಮಗುವೂ ಒಂದು, ನಮ್ಮ ಭಾಷೆಯಲ್ಲಿ ಮಗುವೂ ಅದು, ಮೇಜೂ ಅದು, ಕೊಡೆಯೂ ಅದು. ನಾನು ಹೇಳಿದ್ದು ಗಾಡಿಯ ಅರ್ಧ. ಅವಳು ಎತ್ತಿಕೊಂಡು ಹೋದದ್ದು ಮಗು. ಯಾರೇ ಕೇಳಲಿ, ಇಷ್ಟೇ ನಡೆದದ್ದು.

ಕಾಲುದಾರಿ ಇಲ್ಲಿ ಒಡೆದಿದೆ, ಜೋಡಿ ಗಾಡಿಯಾಗಿದ್ದರೆ ರಸ್ತೆಗೆ ಇಳಿಯಬೇಕಿತ್ತು, ಈಗ ಬೇಡ, ಪಕ್ಕದಲ್ಲಿ ನುಸುಳಿಕೊಂಡು ಬಂದೆ, ದೊಡ್ಡದು ತಲೆಯೆತ್ತಿ ನೋಡಿತು, ಏನಿಲ್ಲ ಪುಟ್ಟೀ, ಕೂತ್ಕೋ. ಲಿಫ್ಟಿನ ಕಥೆ ಮೊದಲೇ ಒಂದು ಸಲ ಆಗಿತ್ತು. ಒಬ್ಬಳೇ ಇದ್ದಾಗ ಏನು ಮಾಡಬೇಕು, ಕೊಂಡಿ ಬಿಡಿಸಬೇಕು, ಒಂದು ಅರ್ಧವನ್ನು ಒಳಗೆ ತಳ್ಳಬೇಕು, ಬಾಗಿಲಿಗೆ ಕಾಲು ಕೊಟ್ಟು ಇನ್ನೊಂದನ್ನು ಎಳೆಯಬೇಕು, ಅವತ್ತು ಕಾಲು ಜಾರಿತು, ಬಾಗಿಲು ಮುಚ್ಚಿತು, ಚಿಕ್ಕದು ಒಳಗೆ, ನಾವು ಹೊರಗೆ. ಲಿಫ್ಟು ಮೇಲೆ ಹೋಗುತ್ತಿರುವುದು ಅಂಕಿಯಲ್ಲಿ ಕಾಣುತ್ತದೆ, ಒಂದು, ಎರಡು, ಅಳುವೂ ಅದರ ಜೊತೆ ಮೇಲೆ ಹೋಗುತ್ತದೆ, ಮೂರು, ನಾನು ದೊಡ್ಡದನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತುತ್ತಿದ್ದೇನೆ, ಮೂರನೇ ಮಹಡಿಗೆ ಬರುವಷ್ಟರಲ್ಲಿ ಲಿಫ್ಟು ಕೆಳಗೆ ಇಳಿಯುತ್ತಿದೆ, ಮತ್ತೆ ಇಳಿಯುತ್ತೇನೆ, ಕೆಳಗೆ ಆರನೇ ಮಹಡಿಯ ನಿವೃತ್ತ ಮೇಷ್ಟ್ರು ಗಾಡಿಯ ಹಿಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದಾರೆ, ಇದು ನಿಮ್ಮದಾ, ಅಂತ. ಗಾಡಿಯನ್ನು ಕೇಳಿದರೋ ಮಗುವನ್ನು ಕೇಳಿದರೋ. ಹೌದು ನಮ್ಮದೇ ಅಂದೆ. ಸ್ವಲ್ಪ ನೋಡ್ಕೊಳ್ಳಿ ಅಂದರು, ಬಹಳ ಅಳುತ್ತೆ. ನನಗೆ ಗೊತ್ತಿಲ್ಲವಾ ಬಹಳ ಅಳುತ್ತೆ ಅಂತ. ಹುಟ್ಟಿದ ಗಳಿಗೆಯಿಂದ ಅಳುತ್ತಿದೆ, ಹಸಿದರೂ ಅಳು, ತುಂಬಿದರೂ ಅಳು, ಎತ್ತಿಕೊಂಡರೆ ಕೆಳಗೆ ಬಿಡು ಅಂತ, ಬಿಟ್ಟರೆ ಎತ್ತಿಕೋ ಅಂತ, ಕಿವಿ ನೋಡಿಸಿದೆ, ಹೊಟ್ಟೆ ನೋಡಿಸಿದೆ, ಡಾಕ್ಟರು ಕೆಲವು ಮಕ್ಕಳು ಹೀಗೆ ಅಮ್ಮಾ ಅಂದರು, ಅದಕ್ಕೊಂದು ಔಷಧಿ ಚೀಟಿಯನ್ನೂ ಬರೆದುಕೊಡಲಿಲ್ಲ. ಈ ವಿಷಯ ಗಂಡನಿಗೆ ಹೇಳಿದರೆ, ಗಂಟಲು ಒಳ್ಳೇದಿದೆ, ಪ್ಲಸ್ ಪಾಯಿಂಟ್ ಅಂದುಕೋ ಅಂದರು. ಅವತ್ತಿನಿಂದ ನಾನು ಮೂರು ದಿನ ಅವರ ಜೊತೆ ಮಾತು ಬಿಟ್ಟೆ, ಅವರಿಗೆ ಗೊತ್ತೇ ಆಗಲಿಲ್ಲ.

ಮೂರು ವಾರದ ಹಿಂದಿನ ಆ ಭಾನುವಾರ. ಲಸಿಕೆ ಹಾಕಿಸಿಕೊಂಡು ಬಂದೆವು, ಗಂಡ ಯಾರದ್ದೋ ಮನೆಗೆ ಯಂತ್ರ ಜೋಡಿಸಲು ಹೋಗಿದ್ದರು, ಅತ್ತಿಗೆ ಜೊತೆಗೆ ಬಂದಿದ್ದಳು, ನಾನು ಕರೆದಿರಲಿಲ್ಲ, ತಾನಾಗಿಯೇ ಬಂದಳು, ಎಲ್ಲದರಲ್ಲೂ ಮೂಗು ತೂರಿಸುವವಳು. ಕನ್ನಡಕದ ಅಂಗಡಿ ಅವಳದ್ದು, ಇಡೀ ದಿನ ಜನರ ಮೂಗಿನ ಮೇಲೆ ಗಾಜು ಇಟ್ಟು ತೆಗೆದು, ಇದು ಸ್ಪಷ್ಟನಾ, ಅದು ಸ್ಪಷ್ಟನಾ, ಯಾವುದು, ಅಂತ ಕೇಳುವುದೇ ಕೆಲಸ, ನಮ್ಮ ಮನೆಗೆ ಬಂದರೂ ಹಾಗೇ ಕಣ್ಣು ಕಿರಿದು ಮಾಡಿ ನೋಡುತ್ತಾಳೆ, ಸಿಂಕಿನಲ್ಲಿ ಪಾತ್ರೆ ಇದೆಯಾ, ನನ್ನ ತಲೆ ಬಾಚಿದೆಯಾ. ಚಿಕ್ಕದು ಕ್ಲಿನಿಕ್ಕಿನಿಂದ ಮನೆಯವರೆಗೂ ಅತ್ತಿತು, ಐವತ್ತು ನಿಮಿಷ, ಉಸಿರು ಕಟ್ಟಿ ನೀಲಿಯಾಗಿ ಮತ್ತೆ ಶುರು, ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ, ನಾನು ಚಿವುಟಿದೆನೇನೋ ಅನ್ನುವ ಹಾಗೆ. ಲಿಫ್ಟಿನ ಎದುರು ಕೊಂಡಿ ಬಿಡಿಸಲು ಕೂತೆ, ಮೂರನೆಯದು ಸಿಕ್ಕಿಕೊಂಡಿತು, ಉಗುರು ಮುರಿಯಿತು, ಅತ್ತಿಗೆ ಮೇಲೆ ನಿಂತು ಅಂದಳು, ಹಗುರದ್ದೇ ಅಲ್ವಾ, ಯಾಕೆ ಇಷ್ಟು ಒದ್ದಾಡ್ತೀಯ. ಆಗ ಹೇಳಿದೆ. ಒಂದನ್ನ ನೀವೇ ಇಟ್ಕೊಳ್ಳಿ. ಅಂದರೆ, ಸ್ವಲ್ಪ ಹೊತ್ತು ಹಿಡಿದುಕೊಂಡಿರಿ, ನಾನು ಇನ್ನೊಂದನ್ನು ಮೇಲೆ ಬಿಟ್ಟು ಬರುತ್ತೇನೆ ಅಂತ — ಅಲ್ಲ, ಗಾಡಿಯ ಅರ್ಧವನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ ಅಂತ, ಆಗಲೇ ಹಾಗೇ ಅಂದುಕೊಂಡೆನಲ್ಲ. ಎರಡೂ ಒಂದೇ. ಎರಡರಲ್ಲೂ ಮಗುವಿನ ಮಾತಿಲ್ಲ. ನಾನು ದೊಡ್ಡದನ್ನು ಕರೆದುಕೊಂಡು ಮೇಲೆ ಹೋದೆ, ಬಾಗಿಲು ಹಾಕಿದೆ, ಬೆನ್ನು ಆನಿಸಿ ಕೂತೆ, ಸದ್ದಿಲ್ಲ. ಒಂಬತ್ತು ತಿಂಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಕಣ್ಣು ಬಿಟ್ಟಾಗ ಗಂಡ ಎದುರು ನಿಂತಿದ್ದರು, ಅಕ್ಕ ಫೋನ್ ಮಾಡಿದ್ದಳು, ಒಂದು ವಾರ ಅಲ್ಲೇ ಇರಲಿ ಅಂತೆ, ನೀನೇ ಹೇಳಿದೆಯಂತಲ್ಲ. ನಾನು ಗಾಡಿ ಅಂದದ್ದು ಅಂದೆ. ಹೌದಾ, ಅಂದರು, ಸರಿ ಬಿಡು, ಒಂದು ವಾರ ತಾನೇ.

ಒಂದು ವಾರ ಎರಡಾಯಿತು, ಮೂರಾಯಿತು. ದಿನವೂ ಸಂಜೆ ಇವರು ಅಕ್ಕನ ಮನೆಗೆ ಹೋಗುತ್ತಾರೆ, ಬರಿಗೈಯಲ್ಲಿ ಬರುತ್ತಾರೆ, ತಿಂತಾಳೆ, ಆಡ್ತಾಳೆ, ಎರಡು ಹಲ್ಲು ಬಂದಿದೆ ಅಂತ ವರದಿ. ಕರೆತನ್ನಿ ಅಂದರೆ, ಅಕ್ಕ ಬೇಜಾರು ಮಾಡ್ಕೋತಾಳೆ, ನಾಳೆ ಹೇಳ್ತೀನಿ. ನಾಳೆ. ನೀರಿನ ಯಂತ್ರ ಮಾರುವಾಗ ಎಂಟು ಸಲ ಬಾಗಿಲು ತಟ್ಟುವ ಮನುಷ್ಯನಿಗೆ ಅಕ್ಕನ ಎದುರು ಬಾಯಿಗೆ ಬೀಗ. ನಾನೇ ಹೋಗಬಹುದಿತ್ತು. ಇಪ್ಪತ್ತು ನಿಮಿಷದ ದಾರಿ. ನಾನು ಯಾಕೆ ಹೋಗಬೇಕು, ತೆಗೆದುಕೊಂಡು ಹೋದವಳು ತಂದು ಬಿಡಬೇಕು, ಅದು ಮರ್ಯಾದೆ, ನನ್ನ ಮಗುವನ್ನು ನಾನೇ ಅವಳ ಮನೆ ಬಾಗಿಲಲ್ಲಿ ನಿಂತು ಬೇಡಬೇಕಾ. ದೊಡ್ಡದಕ್ಕೆ ನೆಗಡಿಯೂ ಬಂತು, ಚಿಕ್ಕದಕ್ಕೆ ಅಂಟಬಾರದಲ್ಲ. ಪಠ್ಯಪುಸ್ತಕದ ಕರಡು ಬೇರೆ ಬಂದಿತ್ತು, ಇನ್ನೂರ ನಲವತ್ತು ಪುಟ, ಹತ್ತು ದಿನದಲ್ಲಿ ಮುಗಿಸಿ ಕೊಟ್ಟೆ, ಪ್ರೆಸ್ಸಿನವರೇ ಆಶ್ಚರ್ಯಪಟ್ಟರು, ಅವಳಿ ಮಕ್ಕಳನ್ನ ಇಟ್ಕೊಂಡು ಹೆಂಗಮ್ಮ ಮಾಡ್ತೀರ ಅಂತ. ಮಾಡ್ತೀನಿ ಸಾರ್ ಅಂದೆ. ನಿದ್ದೆ ಮಾಡಿದೆ. ಇದನ್ನು ಯಾರಿಗೂ ಹೇಳಿಲ್ಲ, ನಾಲ್ಕು ಗಂಟೆ ಒಂದೇ ಸಮನೆ, ಆಮೇಲೆ ಐದು, ದೊಡ್ಡದು ತಣ್ಣಗಿನ ಮಗು, ಹೊಟ್ಟೆ ತುಂಬಿದರೆ ತನ್ನ ಪಾಡಿಗೆ ತಾನಿರುತ್ತದೆ, ಒಂದೇ ಮಗು ಅಂದರೆ ಇಷ್ಟೇನಾ, ಉಳಿದ ಹೆಂಗಸರೆಲ್ಲ ಇಷ್ಟಕ್ಕೇ ಅಷ್ಟು ಗೋಳಾಡುತ್ತಾರಾ. ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದೆ. ಒಂದು ಲೋಟ ಕಾಫಿ ಬಿಸಿಯಾಗಿರುವಾಗಲೇ ಕುಡಿದೆ. ಅರ್ಧ ಗಾಡಿಯ ಪ್ಲಸ್ ಪಾಯಿಂಟುಗಳು ಇವು, ಪುಸ್ತಿಕೆಯಲ್ಲಿ ಇವನ್ನೂ ಬರೆದಿಲ್ಲ. ಮೈನಸ್ ಒಂದೇ, ನಡೆಯುವಾಗ ಎಡಕ್ಕೆ ಜಾಗ ಬಿಟ್ಟೇ ನಡೆಯುತ್ತೇನೆ, ಗೋಡೆ ಒಂದು ಮಾರು ದೂರ ಇದ್ದರೂ, ಅಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ.

ಸಿಗ್ನಲ್ಲು. ಏನೋ ಎಳೆಯಿತು, ಒಂದು ಕೊಂಡಿ ಪಕ್ಕದಲ್ಲಿ ನಿಂತವಳ ಚೀಲದ ಪಟ್ಟಿಗೆ ಸಿಕ್ಕಿಕೊಂಡಿದೆ, ಕ್ಷಮಿಸಿ ಅಂದೆ, ಬಗ್ಗಿ ಬಿಡಿಸಿಕೊಂಡಳು, ಬಿಡಿಸಿಕೊಂಡವಳು ಕೈ ತೆಗೆಯಲಿಲ್ಲ, ಕೊಂಡಿಯನ್ನೇ ನೋಡಿದಳು, ನನ್ನ ಮುಖ ನೋಡಿದಳು. ಇದು ಜೋಡಿದಲ್ವಾ, ಅಂದಳು, ನಮ್ಮನೇಲೂ ಇತ್ತು, ನಂಗೂ ಎರಡು, ಈಗ ಶಾಲೆಗೆ ಹೋಗ್ತವೆ. ನಗುತ್ತಿದ್ದಾಳೆ, ನನ್ನ ಜಾತಿಯವಳು ಸಿಕ್ಕಳು ಅನ್ನುವ ನಗು. ಎಲ್ಲಿ ಇನ್ನೊಂದು, ಅಂದಳು. ನನಗೆ ಯಾವುದು ಅಂತ ಕೇಳಬೇಕು ಅನ್ನಿಸಿತು, ಯಾವುದನ್ನು ಕೇಳುತ್ತಿದ್ದೀಯಮ್ಮ ನೀನು, ಅಂಚಿನಲ್ಲಿ ಬರಿ, ಯಾವುದು ಅಂತ. ರಿಪೇರಿಗೆ ಕೊಟ್ಟಿದೀನಿ, ಅಂದೆ. ಅಷ್ಟು ಸಲೀಸಾಗಿ ಬಂತು ಮಾತು. ಅಯ್ಯೋ, ಈ ಚಕ್ರನೇ ಹಾಗೆ, ಬೇಗ ಹೋಗುತ್ತೆ ಅಂದಳು. ಹಸಿರು ಬಂತು. ಅವಳು ಆ ಕಡೆಗೆ ದಾಟಿ ಒಂದು ಸಲ ತಿರುಗಿ ಕೈ ಬೀಸಿದಳು, ದೊಡ್ಡದಕ್ಕೆ ಬೀಸಿದ್ದಿರಬೇಕು. ನನ್ನ ಕುತ್ತಿಗೆಯವರೆಗೂ ಬಿಸಿಯೇರಿತ್ತು. ಸುಳ್ಳಲ್ಲ ಅದು, ಅರ್ಧ ಗಾಡಿ ಅತ್ತಿಗೆಯ ಮನೆಯಲ್ಲಿದೆ, ರಿಪೇರಿಗೆ ಅನ್ನುವುದೊಂದೇ ಸುಳ್ಳು. ಬೇಗ ಬೇಗ ನಡೆ. ವಾಕ್ಯ ಮರೆಯಬೇಡ. ಅತ್ತಿಗೆ, ಮಗೂನ ಕರ್ಕೊಂಡು ಹೋಗೋಕೆ ಬಂದಿದೀನಿ. ಅವಳು ನೀನೇ ಹೇಳಿದ್ದಲ್ವಾ ಅಂತ ರಾಗ ತೆಗೆದರೆ, ನಾನು ಹೇಳಿದ್ದು ಗಾಡಿಯ ವಿಷಯ. ಅತ್ತರೆ, ಅತ್ತು ಕರೆದು ಮಾಡಿದರೆ, ಅಳಲಿ, ಅವಳೂ ಒಂದಿಷ್ಟು ಅಳಲಿ, ಇಷ್ಟು ದಿನ ಎತ್ತಿ ಆಡಿಸಿದ್ದು ಸಾಕು, ಬೇಕಿದ್ದರೆ ಗಾಡಿಯನ್ನು ಇಟ್ಟುಕೊಳ್ಳಲಿ, ಬೆಕ್ಕನ್ನು ಕೂರಿಸಿಕೊಂಡು ತಿರುಗಲಿ. ಇದು ಕೆಟ್ಟ ಮಾತು. ಕೆಟ್ಟ ಮಾತೇ, ಆದರೂ ಬಾಯಲ್ಲಿ ರುಚಿಯಾಗಿದೆ.

ಬಾಗಿಲು. ಎರಡು ರೆಕ್ಕೆಯೂ ತೆರೆದೇ ಇದೆ, ಗಂಟೆ ಒತ್ತುವ ಕೆಲಸವಿಲ್ಲ, ಗಾಡಿ ತಾನಾಗಿ ಒಳಗೆ ಹೋಯಿತು. ಗೋಡೆಗೆ ಒರಗಿಸಿ ಇನ್ನೊಂದು ಅರ್ಧ ನಿಂತಿದೆ, ಒಗೆದು ಒಣಗಿಸಿದ ಬಟ್ಟೆ, ಚಕ್ರಕ್ಕೆ ಮಣ್ಣಿಲ್ಲ. ಚಾಪೆಯ ಮೇಲೆ ಚಿಕ್ಕದು ಕೂತಿದೆ. ದಪ್ಪಗಾಗಿದೆ. ಗದ್ದಕ್ಕೆ ಗಂಜಿ ಅಂಟಿದೆ, ಕೈಯಲ್ಲೊಂದು ಚಮಚ, ನನ್ನನ್ನು ನೋಡುತ್ತಿದೆ. ಅತ್ತಿಗೆ ಮಂಡಿಯೂರಿ ಬಟ್ಟಲು ಹಿಡಿದುಕೊಂಡಿದ್ದಾಳೆ, ಕನ್ನಡಕ ತಲೆಯ ಮೇಲೆ, ಎದ್ದು ನಿಲ್ಲಲಿಲ್ಲ. ಅತ್ತಿಗೆ, ಮಗೂನ ಕರ್ಕೊಂಡು ಹೋಗೋಕೆ ಬಂದಿದೀನಿ. ಹೇಳಿದೆ, ಒಂದು ಅಕ್ಷರ ತಪ್ಪಿಲ್ಲ. ಬಿಸಿಲಲ್ಲಿ ಬಂದಿದೀಯ, ಕೂತ್ಕೋ, ಅಂದಳು, ಅವಳಿಗೆ ಎರಡು ಚಮಚ ಉಳಿದಿದೆ, ತಿಂದುಬಿಡ್ತಾಳೆ. ಅವಳಿಗೆ. ತಿಂತಾಳೆ. ನಾನು ನಿಂತೇ ಇದ್ದೆ. ಇಷ್ಟು ದಿನ ನೀವೇ ತಂದು ಬಿಡ್ತೀರ ಅಂದ್ಕೊಂಡಿದ್ದೆ ಅಂದೆ. ನೀನು ಕೇಳ್ತೀಯ ಅಂತ ನಾನು ಕಾಯ್ತಿದ್ದೆ, ಅಂದಳು, ದಿನಾ ಅವನನ್ನ ಕೇಳ್ತಿದ್ದೆ, ಅವಳು ಏನಾದರೂ ಹೇಳಿದಳಾ ಅಂತ, ಇಲ್ಲ ಅಕ್ಕ, ನಿದ್ದೆ ಮಾಡ್ತಿದಾಳೆ ಅಂತಿದ್ದ, ಮಾಡಲಿ ಬಿಡು ಅಂತ ಸುಮ್ಮನಾದೆ. ಕನಿಕರ ತೋರಿಸುತ್ತಿದ್ದಾಳೆ, ನನಗೆ ಕನಿಕರ ಬೇಡ. ನಾನು ಅವತ್ತು ಹೇಳಿದ್ದು ಗಾಡಿ ವಿಷಯ ಅತ್ತಿಗೆ, ಅಂದೆ, ಅರ್ಧ ಗಾಡಿ ಇಟ್ಕೊಳ್ಳಿ ಅಂದದ್ದು, ನೀವು ಮಗು ಅಂದ್ಕೊಂಡ್ರಿ, ಇಲ್ಲಾ ಅಂದ್ಕೊಂಡ ಹಾಗೆ ಮಾಡಿದ್ರಿ. ಚಮಚ ಬಟ್ಟಲಲ್ಲಿ ನಿಂತಿತು. ನಂಗೂ ಅನುಮಾನ ಬಂತಮ್ಮ, ಅಂದಳು, ಮೆಲ್ಲಗೆ, ಗಿರಾಕಿಯ ಹತ್ತಿರ ಮಾತಾಡುವ ಧ್ವನಿಯಲ್ಲಿ, ಅದಕ್ಕೇ ಕೇಳಿದೆ. ಏನು ಕೇಳಿದ್ರಿ. ಯಾವುದನ್ನ ಅಂತ ಕೇಳಿದೆ. ಕೇಳಲಿಲ್ಲ ನೀವು. ಕೇಳಿದೆ, ನೀನು ಕೊಂಡಿ ಬಿಡಿಸಿ ಎದ್ದೆ, ಯಾವುದನ್ನ ಅಂದೆ ನಾನು, ನೀನು ಹೇಳಿದೆ. ಏನು ಹೇಳಿದೆ ನಾನು. ಅವಳು ಬಟ್ಟಲು ಕೆಳಗಿಟ್ಟಳು, ಚಿಕ್ಕದರ ಗದ್ದ ಒರೆಸಿದಳು, ಒರೆಸುತ್ತಲೇ ಅಂದಳು, ಅಳೋದನ್ನ ಅಂದೆ.

ಅಳೋದನ್ನ. ಇಲ್ಲ. ಅಂದೆನಾ. ಲಿಫ್ಟಿನ ಎದುರು, ಮುರಿದ ಉಗುರು ಬಾಯಲ್ಲಿ, ರಕ್ತದ ರುಚಿ, ಅವಳ ಧ್ವನಿ ಮೇಲಿನಿಂದ, ಯಾವುದನ್ನ, ಮತ್ತೆ ನನ್ನದೇ ಧ್ವನಿ, ಇಷ್ಟು ದಿನ ಎಲ್ಲಿತ್ತು ಅದು — ಗಾಡಿ ಅಳುವುದಿಲ್ಲ. ಕರಡಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು, ಮೂರು ವಾರ ಇನ್ನೊಬ್ಬರ ತಪ್ಪು ಅಂತ ತಿದ್ದುತ್ತಾ ಕೂತಿದ್ದೆ, ಬಿಟ್ಟುಹೋದ ಸಾಲು ನನ್ನದು. ಅವಳು ಕೇಳಿದ್ದಳು, ನಾನು ಉತ್ತರ ಕೊಟ್ಟಿದ್ದೆ. ಅತ್ತಿಗೆ ಎದ್ದು ಒಳಗಿಂದ ಚೀಲ ತಂದಳು, ಬಟ್ಟೆ ಮಡಚಿಟ್ಟಿದ್ದಾಳೆ, ಯಾವಾಗಲೋ ಮಡಚಿಟ್ಟದ್ದು, ನೀನು ಬಂದರೆ ಅಂತ ರೆಡಿ ಇಟ್ಟಿದ್ದೆ, ನಿನ್ನ ಮಗು ಕಣಮ್ಮ, ನಾನು ಯಾವತ್ತಾದ್ರೂ ಬೇಡ ಅಂದ್ನಾ, ಅಂದಳು, ಅವಳ ಕಣ್ಣು ನನ್ನ ಕಡೆ ಇಲ್ಲ, ತಲೆಯ ಮೇಲಿದ್ದ ಕನ್ನಡಕವನ್ನು ಇಳಿಸಿಕೊಂಡು ಹಾಕಿಕೊಂಡಳು, ನನ್ನನ್ನು ನೋಡುವುದಕ್ಕಲ್ಲ. ಜಗಳ ಮಾಡು, ಅತ್ತಿಗೆ, ಕಾಲು ಕೆರೆದು ಜಗಳ ಮಾಡು, ಕೊಡಲ್ಲ ಅನ್ನು, ನಾನು ಬಯ್ಯಲು ತಂದದ್ದೆಲ್ಲ ಬಾಯಲ್ಲೇ ಇದೆ. ಮಾಡುವುದಿಲ್ಲ. ಬಗ್ಗಿ ಎತ್ತಿಕೊಂಡೆ. ಭಾರ. ಕಂಕುಳಲ್ಲಿ ಹಳೆಯ ವಾಸನೆ ಇಲ್ಲ, ಬೇರೆ ಸೋಪು. ಈಗ ಶುರುವಾಗುತ್ತದೆ, ತುಟಿ ತಿರುಚುತ್ತದೆ, ಉಸಿರು ಎಳೆಯುತ್ತದೆ, ಬೆನ್ನು ಹಿಂದಕ್ಕೆ ಬಾಗಿಸಿ ಕಿರುಚುತ್ತದೆ, ನನ್ನ ಕೈ ಆಗಲೇ ಬಿಗಿಯಾಗಿದೆ, ಕಿವಿ ಆಗಲೇ ಮುಚ್ಚಿಕೊಂಡಿದೆ — ಇಲ್ಲ. ನೋಡುತ್ತಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಎತ್ತಿಕೊಂಡರೆ ಮಕ್ಕಳು ನೋಡುತ್ತವಲ್ಲ, ಹಾಗೆ, ಮರ್ಯಾದೆಯಾಗಿ, ಕೈಕಾಲು ಆಡಿಸದೆ. ಅಳ್ತಾ ಇಲ್ಲ ಅತ್ತಿಗೆ, ಅಂದೆ. ಇಲ್ಲಿಗೆ ಬಂದ ಮೂರು ದಿನ ಅತ್ತಳು, ಆಮೇಲೆ ಇಲ್ಲ, ಅಂದಳು. ಮೂರು ದಿನ, ನಾನು ಮಲಗಿದ್ದ ಮೂರು ದಿನ, ಯಾರಿಗಾಗಿ ಅತ್ತಳು. ಅಳು, ಅಂದೆ ಕಿವಿಯಲ್ಲಿ. ಒಣಗಿದ ಕಣ್ಣು, ಎರಡು ಹೊಸ ಹಲ್ಲು. ಅಳು ಪುಟ್ಟಿ. ಒಂದು ಸಲ. ನೋಡಿತು. ಅಳೇ, ನಿನ್ನ ದಮ್ಮಯ್ಯ. ನೋಡಿದಳು. ನೋಡುತ್ತಲೇ ಇದ್ದಾಳೆ, ಅಳುತ್ತಿಲ್ಲ, ಅಳುತ್ತಿಲ್ಲ, ಸುಮ್ಮನೆ ನೋಡುತ್ತಿದ್ದಾಳೆ